ಮಾಳಕ್ಕೆ ಬೇಲಿ ಹಾಕಿದ ಮುಂಗಾರು

ಹೋದ ಮಾಘದಲ್ಲಿ ಉದಗೀರಿನ ಭಕ್ತರೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಕಲಶಕ್ಕೆ ಅಕ್ಷತೆ ಹಾಕಿಸಿ ಸಂಕಲ್ಪ ಹೇಳಿಸುತ್ತಿದ್ದಾಗ ಹಿತ್ತಿಲಿನಿಂದ ಒಂದು ವಾಸನೆ ಬಂತು. ಆವಾರದ ಗೋಡೆಗೆ ಬಳಿಯುವುದಕ್ಕೆಂದು ಕೆಲಸದವರು ಪೀಪಾಯಿಯಲ್ಲಿ ಸುಟ್ಟ ಸುಣ್ಣದ ಹರಳು ಹಾಕಿ ನೀರು ಹೊಯ್ದಿದ್ದರು. ಅದು ಕೊತಕೊತ ಕುದಿದು ಬಿಳಿಯ ಹಬೆ ಉಗುಳುತ್ತಿತ್ತು. ಬಾಲ್ಯದಿಂದ ನಾಲಗೆಯ ಮೇಲಿದ್ದ ಮಂತ್ರ ನಡುವೆಯೇ ತಪ್ಪಿತು. ಯಜಮಾನರು ನನಗೆ ವಯಸ್ಸಾಯಿತೆಂದುಕೊಂಡು ನೀರಿನ ತಂಬಿಗೆ ಮುಂದೆ ಮಾಡಿದರು. ಆಚಮನ ಮಾಡಿ ಮೊದಲಿನಿಂದ ಹೇಳಿದೆ. ಆದರೆ ಆ ದಿನವೆಲ್ಲ ನನ್ನ ಮೂಗಿನಲ್ಲಿ ಸುಣ್ಣದ ಜೊತೆಗೆ, ಆ ಮನೆಯಲ್ಲಿ ಇಲ್ಲದ ಇನ್ನೆರಡು ವಾಸನೆಗಳಿದ್ದವು. ಒಂದು ತೊಯ್ದ ಉಣ್ಣೆಯದು, ಇನ್ನೊಂದು ಹೆಪ್ಪುಗಟ್ಟದ ರಕ್ತದ್ದು.

ಕೆಲವು ವರ್ಷಗಳ ಹಿಂದಿನ ಒಂದು ಮುಂಗಾರಿನ ವಾಸನೆ ಅದು. ಆ ಒಂದು ಮುಂಗಾರಿನಲ್ಲಿ ನಾನು ಒಬ್ಬ ಮನುಷ್ಯನ ಕೈ ಮುರಿದೆ. ನನ್ನ ತಲೆ ಒಡೆಯಿತು. ದುಃಖದಲ್ಲಿದ್ದ ಒಬ್ಬ ತಂದೆಯಿಂದ ಬಲವಂತವಾಗಿ ಆಣೆ ತೆಗೆದುಕೊಂಡೆ. ಶಿವನ ಎದುರಿಗೆ ಕುಳಿತಾಗ ಇವು ಮೂರನ್ನೂ ನಾನು ದಿನವೂ ಹೇಳಿಕೊಳ್ಳುತ್ತೇನೆ. ಈಗ ಬರೆದೂ ಇಡುತ್ತಿದ್ದೇನೆ.

ಗಡಿಯ ಆಚೆ ಮರಾಠಿ ಸೀಮೆಯಲ್ಲಿ, ದಾಳಿಂಬ ಮತ್ತು ಯೆಣೆಗೂರಿನ ನಡುವೆ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ನಮ್ಮ ಊರು. ನಮ್ಮದು ಗೃಹಸ್ಥ ಜಂಗಮರ ಮನೆತನ. ಮನೆಯ ಮುಂಭಾಗವೇ ಮಠ, ಹಿಂಭಾಗದಲ್ಲಿ ಸಂಸಾರ. ತಂದೆಯವರು ಲಿಂಗೈಕ್ಯರಾದ ಮೇಲೆ ಮಠದ ಹಿರಿತನವೂ, ಬೆಳ್ಳಿಕಟ್ಟಿನ ಬೆತ್ತವೂ, ಊರ ಪಂಚರಲ್ಲಿ ಕೊನೆಯ ಮಾತು ಹೇಳುವ ಹೊಣೆಯೂ ನನ್ನ ಮೇಲೆ ಬಿದ್ದವು. ಊರಿನ ಮೂಡಲಿಗೆ ಮಠದ ಮಾಳವಿದೆ. ಕಪ್ಪುಕಲ್ಲಿನ, ಉಳುಮೆಗೆ ಬಾರದ ಹುಲ್ಲುಗಾವಲು. ಆ ಮಾಳದಲ್ಲಿ ಹಟ್ಟಿಯ ಕುರುಬರ ಕುರಿ ಮೇಯುತ್ತಿದ್ದವು. ಅದಕ್ಕೆ ಪ್ರತಿಯಾಗಿ ಬೇಸಗೆಯಲ್ಲಿ ಅವರು ಮಠದ ಹೊಲದಲ್ಲಿ ರಾತ್ರಿಯಿಡೀ ಕುರಿ ತರುಬಿ ನಿಲ್ಲಿಸಿ ಗೊಬ್ಬರ ಕೊಡುತ್ತಿದ್ದರು. ಇದಕ್ಕೆ ಕಾಗದವಿರಲಿಲ್ಲ. ನನ್ನ ಮುತ್ತಜ್ಜನೂ ಅವರ ಮುತ್ತಜ್ಜನೂ ಆಡಿಕೊಂಡ ಮಾತೇ ಕಾಗದವಾಗಿತ್ತು.

ಹಟ್ಟಿಯ ಹಿರಿಯ ಮಾಳಪ್ಪ ಕುರುಬರ ದೇವರು ಬೀರಪ್ಪನ ಪೂಜಾರಿ. ನನಗಿಂತ ಎರಡು ತಿಂಗಳಿಗೆ ದೊಡ್ಡವನು. ನಾನು ಪಾಠಶಾಲೆಗೆ ಹೋಗಿ ವ್ಯಾಕರಣ ಓದಿದ ಹನ್ನೆರಡು ವರ್ಷ ಬಿಟ್ಟರೆ ನಾವಿಬ್ಬರೂ ಬೇರೆಯಾಗಿ ಇದ್ದದ್ದಿಲ್ಲ. ಸೋಮವಾರ ಬೆಳಿಗ್ಗೆ ಮಠಕ್ಕೆ ಬಂದು ನನ್ನ ಪಾದೋದಕ ತೆಗೆದುಕೊಂಡೇ ಅವನು ಕುರಿ ಬಿಡುತ್ತಿದ್ದ. ತೆಗೆದುಕೊಂಡು, “ನೀರು ಸ್ವಲ್ಪ ಉಪ್ಪಾಗ್ಯಾವ ನೋಡ್ರಿ ಅಯ್ಯಾರ, ಕಾಲು ಸರಿ ತೊಳಕೊಂಡಿಲ್ಲ” ಎಂದು ನಗುತ್ತಿದ್ದ.

ಆ ವರ್ಷ ಮಿರಗದ ಮಳೆ, ಮುಂಗಾರಿನ ಮೊದಲ ಮಳೆ, ಜೋರಾಗಿ ಬಿತ್ತು. ಕೊರೆದ ಮಣ್ಣಿನಲ್ಲಿ ಎಷ್ಟೋ ಕಾಲದಿಂದ ಮಲಗಿದ್ದದ್ದು ಮೇಲಕ್ಕೆ ಬಂತು. ಅದು ಏನೆಂದು ಆಗ ಯಾರಿಗೂ ತಿಳಿಯದು. ನಮಗೆ ಕಂಡದ್ದು ಬೆರಳುದ್ದದ ಎಳೆಹುಲ್ಲು ಮಾತ್ರ. ಹಸಿದ ಕುರಿಗಳು ಮಣ್ಣಿನ ಸಮೇತ ಅದನ್ನು ಕಿತ್ತು ತಿಂದವು. ನಾಲ್ಕನೆಯ ದಿನ ನಾನು ಮಾಳದ ಕಡೆಗೆ ಹೋದಾಗ ಒಂದು ಕೊಬ್ಬಿದ ಕುರಿ ಮೇಯುತ್ತಿದ್ದದ್ದು ನಿಂತಿತು. ಇಡೀ ಮೈ ನಡುಗಿಸಿ, ನೆಲ ಬಿಟ್ಟು ಎರಡು ಅಡಿ ಜಿಗಿದು, ಬಿತ್ತು. ಕಾಲು ಝಾಡಿಸುವುದು ನಿಲ್ಲುವ ಮೊದಲೇ ಮೂಗಿನಿಂದಲೂ ಹಿಂಬದಿಯಿಂದಲೂ ರಕ್ತ ಬಂತು. ಡಾಂಬರಿನಂಥ ಕಪ್ಪು ರಕ್ತ. ಪಕ್ಕದ ಇನ್ನೊಂದು ತೂರಾಡತೊಡಗಿತ್ತು. ಮಾಳಪ್ಪನ ತಮ್ಮ ಸಿದಗೊಂಡ ಅದನ್ನು ಮಂಡಿಯ ಕೆಳಗೆ ಅಮುಕಿ, ಚಾಕುವಿನಿಂದ ಕಿವಿಯ ನರ ಕೊಯ್ದು ರಕ್ತ ಹರಿಯಬಿಟ್ಟ. ಕುರುಬರ ಹಳೆಯ ಚಿಕಿತ್ಸೆ ಅದು. ಅವನ ಅಂಗೈ, ಮುಂಗೈ, ಮೊಣಕೈವರೆಗೆ ತೊಯ್ದವು. ಆ ಕೈಯಿಂದಲೇ ದೇವರ ಭಂಡಾರ, ಎಂದರೆ ಅರಿಸಿನದ ಪುಡಿ, ಗಾಯಕ್ಕೆ ಮೆತ್ತಿದ. ಕುರಿ ಸತ್ತಿತು.

“ಗಾಳಿ ಹೊಡದದ ಅಯ್ಯಾರ,” ಎಂದ ಮಾಳಪ್ಪ. “ಬೀರಪ್ಪ ನೋಡ್ಕೋತಾನ.”

“ರಕ್ತ ಯಾಕ ಗಟ್ಟಿ ಆಗವಲ್ದೋ ಮಾಳಪ್ಪಾ?”

“ರಕ್ತಕ್ಕ ನಿಮ್ಮ ವ್ಯಾಕರಣ ಗೊತ್ತದೇನ್ರಿ? ಹರೀತದ, ಹೋಗ್ತದ.”

ಸಿದಗೊಂಡ ಎರಡನ್ನೂ ಬೇವಿನ ಮರಕ್ಕೆ ತಲೆಕೆಳಗಾಗಿ ತೂಗುಹಾಕಿ ತೊಗಲು ಸುಲಿದ. ಸತ್ತ ಕುರಿಯನ್ನು ಸುಮ್ಮನೆ ಎಸೆದವರು ಆ ಹಟ್ಟಿಯಲ್ಲಿ ಯಾರೂ ಇರಲಿಲ್ಲ. ತೊಗಲು ಉದಗೀರಿನ ವ್ಯಾಪಾರಿಗೆ, ಮಾಂಸ ಮನೆಗಳಿಗೆ. ಮಾಳಪ್ಪನ ಹೆಂಡತಿ ಸುಗಲಾಬಾಯಿ ಬುಟ್ಟಿ ಹಿಡಿದು ಬಂದವಳು, ನಾನು ಇನ್ನೂ ಬಗ್ಗಿ ಸತ್ತ ಕುರಿಯ ಬಾಯಿ ನೋಡುತ್ತಿರುವುದನ್ನು ಕಂಡು, “ನಾಡಿ ಹಿಡೀಲಿಕ್ಕ ಅಯ್ಯಾರಿಗೆ ಊರಾಗ ಮಂದಿ ಸಿಗವಲ್ರೇನು!” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಉಮರ್ಗಾದ ಪಶುವೈದ್ಯೆಗೆ ಫೋನು ಮಾಡಿದೆ.

ಆ ಹೆಣ್ಣುಮಗಳು ಸ್ಕೂಟರಿನ ಮೇಲೆ ಕೆಸರಿನಲ್ಲಿ ಬಂದಳು. ಕೈಗೆ ರಬ್ಬರಿನ ಗವಸು ಹಾಕಿಕೊಂಡು ಸತ್ತ ಕುರಿಯ ಕಿವಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ತೆಗೆದುಕೊಂಡು ಹೋದಳು. ಪರೀಕ್ಷೆಯ ಕಾಗದದೊಂದಿಗೆ ಅವಳು ತಿರುಗಿ ಬರುವಷ್ಟರಲ್ಲಿ ಇನ್ನೂ ಹನ್ನೊಂದು ಕುರಿ ಬಿದ್ದಿದ್ದವು. ಚಾವಡಿಯಲ್ಲಿ ಊರೆಲ್ಲ ನೆರೆಯಿತು. ಆಕೆ ಮರಾಠಿಯವಳು, ಕನ್ನಡ ಬಾರದು. ಎದ್ದು ನಿಂತು ಸ್ಪಷ್ಟವಾಗಿ ಹೇಳಿದಳು: “ಮೇಂಢ್ಯಾಂನಾ ಫಾಶೀ ಝಾಲೀ ಆಹೇ. ಕಾಪೂ ನಕಾ, ಸೋಲೂ ನಕಾ.” ಕುರಿಗಳಿಗೆ ಫಾಶಿ ಆಗಿದೆ, ಕೊಯ್ಯಬೇಡಿ, ಸುಲಿಯಬೇಡಿ.

ಮರಾಠಿ ಪಶುವೈದ್ಯರ ಮಾತಿನಲ್ಲಿ ಈ ರೋಗದ ಹೆಸರೇ ಫಾಶಿ. ಕನ್ನಡದಲ್ಲಿ ನೆರಡಿ ಎನ್ನುತ್ತಾರೆ. ಆದರೆ ನಮ್ಮ ಹಟ್ಟಿಯ ಜನಕ್ಕೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಫಾಶಿಯೆಂದರೆ ಒಂದೇ ಅರ್ಥ: ಕೊರಳಿಗೆ ಬೀಳುವ ಹಗ್ಗ.

ಮಾಳಪ್ಪನ ಮಗ ಅಮೋಗಿ, ಮೂವತ್ತರ ಸಿಡುಕು ಆಳು, ಗುಂಪಿನಿಂದಲೇ ಕೇಳಿದ: “ಫಾಶಿ? ನಮ್ಮ ಕುರಿ ಯಾರ ಖೂನ ಮಾಡ್ಯಾವ್ರಿ ಬಾಯಿ?”

ಚಾವಡಿ ನಗೆಯಿಂದ ಅದುರಿತು. ವೈದ್ಯೆ ಬೆಪ್ಪಾಗಿ ನನ್ನ ಮುಖ ನೋಡಿದಳು. ಆ ಕ್ಷಣದಲ್ಲಿ ನಾನು ಎದ್ದು, ಇದು ರೋಗದ ಹೆಸರು ಎಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಅದು ನನಗೆ ಗೊತ್ತಿತ್ತು. ಎಲ್ಲರಿಗೂ ತಿಳಿದೀತೆಂದು ಭಾವಿಸಿದೆ. ಪದಗಳ ಅರ್ಥ ಬಿಡಿಸುವುದೇ ಕುಲವೃತ್ತಿಯಾದ ನಾನು ಅಂದು ಒಂದೇ ಒಂದು ಪದವನ್ನು ಬಿಡಿಸಲಿಲ್ಲ. ಮಾಳ ಮುಚ್ಚಲು ಒಪ್ಪಿಗೆಯೆಂದು ಅವಳು ಕೊಟ್ಟ ಕಾಗದಕ್ಕೆ, ಮಾಳ ಮಠದ್ದೆಂಬ ಕಾರಣಕ್ಕೆ, ಎಲ್ಲರೂ ನೋಡುತ್ತಿರುವಂತೆಯೇ ಸಹಿ ಮಾಡಿದೆ. ಆಮೇಲೆ ನನ್ನ ತೀರ್ಮಾನ ಹೇಳಿದೆ. ಸತ್ತ ಕುರಿಯ ಮೈಗೆ ಯಾರೂ ಚಾಕು ಹಚ್ಚಕೂಡದು. ಎಲ್ಲವನ್ನೂ ಇಡಿಯಾಗಿ ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹುಗಿಯಬೇಕು. ಉಳಿದವಕ್ಕೆ ಲಸಿಕೆ ಹಾಕಿಸಬೇಕು. ಮಾಳಕ್ಕೆ ಬೇಲಿ ಬೀಳುತ್ತದೆ.

“ಎಷ್ಟ ದಿನಾ ಅಯ್ಯಾರ?” ಎಂದ ಮಾಳಪ್ಪ.

“ದಿನಾ ಅಲ್ಲ ಮಾಳಪ್ಪಾ. ಆ ಮಣ್ಣಿನಾಗ ಈ ವಿಷ ನಮ್ಮ ಮೊಮ್ಮಕ್ಕಳ ಕಾಲತನಕ ಇರ್ತದಂತ. ನನ್ನ ಕಾಲಕ್ಕ ಅದು ತೆರೆಯಂಗಿಲ್ಲ. ನಿನ್ನ ಕಾಲಕ್ಕೂ ಇಲ್ಲ.”

ಚಾವಡಿಯೆಲ್ಲ ಎದ್ದು ಕೂಗಾಡಿತು. ಸುಗಲಾಬಾಯಿ ಸೆರಗು ಕೊಡವಿ, “ಹಂಗಾದ್ರ ಕುರಿಗೆ ಏನು ನಿಮ್ಮ ಪುರಾಣ ತಿನ್ನಸ್ಲಿ?” ಎಂದಳು. ನಾನು ಅದಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಮಠದ ಹೊಲದಲ್ಲಿ ಮೊಳೆತು ನಿಂತ ಹೆಸರಿನ ಬೆಳೆಯನ್ನು ಕುರಿಗಳಿಗೆ ಬಿಡುತ್ತೇನೆ ಎಂದೆ. ನನ್ನ ಪಕ್ಕದಲ್ಲೇ ಕುಳಿತಿದ್ದ ತಮ್ಮ ಚನ್ನಬಸಯ್ಯ, ಆ ಹೊಲವನ್ನು ಉತ್ತು ಬಿತ್ತಿದವನು, ಚೇಳು ಕಡಿದವನಂತೆ ಎದ್ದ. “ಅಣ್ಣಾ, ಹೊಲ ನಿಂದು ಅಂತ ಯಾರ್ ಅಂದಾರ? ನನ್ನ ಕೇಳಿದೇನು?” ನಾನು ಕೇಳಿರಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದ. ಅಂದು ಚಾವಡಿಯಿಂದ ನನ್ನ ಜೊತೆ ಮನೆಗೆ ನಡೆದು ಬಂದವರು ಯಾರೂ ಇಲ್ಲ.

ಎರಡು ದಿನದಲ್ಲಿ ಮಾತು ಯೆಣೆಗೂರಿನ ಢಾಬಾಗಳವರೆಗೆ ಹೋಯಿತು. ಅಯ್ಯಾರು ಸಹಿ ಮಾಡಿ ಕುರಿಗೆ ಫಾಶಿ ಕೊಡಿಸ್ಯಾರ. ಸರ್ಕಾರದವರು ಬಂದು ಎಲ್ಲ ಕುರಿ ಕೊಲ್ತಾರ. ಆಮ್ಯಾಲ ಮಾಳ ಸೋಲಾರ ಕಂಪನಿಗೆ. ಲಸಿಕೆಯ ಡಬ್ಬಿ ಹಿಡಿದು ಬಂದ ವೈದ್ಯೆಯನ್ನು ಹಟ್ಟಿಯ ಹೆಂಗಸರು ತಡೆದು, ಡಬ್ಬಿ ಕಸಿದು ಕಲ್ಲಿಗೆ ಅಪ್ಪಳಿಸಿದರು. ಔಷಧ ಕೆಸರಿನಲ್ಲಿ ಹರಿಯಿತು. ಆಕೆ ಅಳುತ್ತ ಸ್ಕೂಟರು ತಿರುಗಿಸಿದಳು. ಈ ಮಾತುಗಳೊಂದೂ ಆಗ ನನ್ನ ಕಿವಿಗೆ ಬರಲಿಲ್ಲ. ಊರಿನ ಹಿರಿಯನಿಗೆ ಊರಿನ ಮಾತು ಎಲ್ಲರಿಗಿಂತ ಕೊನೆಗೆ ತಲುಪುತ್ತದೆ.

ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಸಿದಗೊಂಡನನ್ನು ಕಂಡೆ. ಕೊಂಬಿನ ಟಗರೊಂದು ಕೊಂಬೆಗೆ ತಲೆಕೆಳಗಾಗಿ ತೂಗುತ್ತಿತ್ತು, ಅರ್ಧ ತೊಗಲು ಕಳಚಿ ಕುತ್ತಿಗೆಯ ಕಡೆಗೆ ಜೋಲಿತ್ತು. ನೊಣಗಳ ಮೊರೆತ ದೂರದಿಂದಲೇ ಕೇಳುತ್ತಿತ್ತು. ವ್ಯಾಪಾರಿಯ ಮೋಟಾರು ಸೈಕಲು ದಾರಿಯಲ್ಲಿ ಕಾಯುತ್ತಿತ್ತು. ಬುಟ್ಟಿ ಹಿಡಿದ ಹೆಂಗಸರು ಸುತ್ತ ಕುಳಿತಿದ್ದರು.

“ಸಿದಗೊಂಡಾ, ಚಾಕು ಕೆಳಗ ಇಡು.”

“ಇಡ್ತೀನ್ರಿ, ಕೆಲಸ ಮುಗಿಸಿ ಇಡ್ತೀನಿ.”

“ಇದು ಮನುಷ್ಯರನ್ನೂ ಕೊಲ್ತದೋ.”

“ಮನಷ್ಯಾರ್ನ ಹಸಿವಿನೂ ಕೊಲ್ತದ್ರಿ. ಜೀವಂತ ಕುರಿ ನಮ್ಮದು, ಸತ್ತಿದ್ದು ನಿಮ್ಮದೇನು?” ಹೀಗೆಂದು ನಕ್ಕು, ಟಗರಿನ ಉಬ್ಬಿದ ಹೊಟ್ಟೆಗೆ ಚಾಕುವಿನ ಮೊನೆ ಇಟ್ಟ.

ಹೊಟ್ಟೆ ಸೀಳಿದರೆ ವಿಷವೆಲ್ಲ ಆ ನೆಲಕ್ಕೆ, ಆ ಬುಟ್ಟಿಗಳಿಗೆ. ನನ್ನ ಕೈಯಲ್ಲಿ ಮಠದ ಬೆತ್ತವಿತ್ತು. ಎತ್ತಿದೆ; ಅವನ ಮಣಿಕಟ್ಟಿನ ಮೇಲೆ, ನನ್ನ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ, ಹೊಡೆದೆ. ಹಸಿ ಜಾಲಿಯ ಟೊಂಗೆ ಮುರಿದ ಹಾಗೆ ಸಪ್ಪಳವಾಯಿತು. ಚಾಕು ಹಾರಿ ಹೋಯಿತು. ಅವನ ಕೈ, ಬಾಗಬಾರದ ಜಾಗದಲ್ಲಿ ಬಾಗಿ, ಜೋತಿತು. ಮೊದಲು ಅವನು ಅದನ್ನು ಸುಮ್ಮನೆ ನೋಡಿದ. ಆಮೇಲೆ ಕೂಗಿದ ಕೂಗಿಗೆ ಮಾಳದ ಕುರಿಗಳೆಲ್ಲ ದಿಕ್ಕಾಪಾಲಾದವು.

ಮಾಳಪ್ಪ ಓಡಿ ಬಂದ. ತಮ್ಮನನ್ನು ನೋಡಿದ, ಬೆತ್ತವನ್ನು ನೋಡಿದ. “ಈ ಬೆತ್ತ ನಿಮ್ಮಪ್ಪಾರು ನಮ್ಮಪ್ಪನ ತಲಿ ಮ್ಯಾಲ ಇಟ್ಟಿದ್ರು. ನೀವು ನನ್ನ ತಲಿ ಮ್ಯಾಲ ಇಟ್ಟೀರಿ,” ಎಂದ. “ಇದಕ್ಕ ಹೊಡ್ಯಾಕೂ ಬರ್ತದಂತ ನನಗ ಗೊತ್ತಿದ್ದಿಲ್ರಿ.”

ನನಗೂ ಗೊತ್ತಿರಲಿಲ್ಲ. ಆದರೆ ಅಲ್ಲಿಂದ ನಾನು ಕದಲಲಿಲ್ಲ. ಟಗರನ್ನು ಕೊಂಬೆಯಿಂದ ಇಳಿಸಿದವನು ನಾನೇ.

ಯೆಣೆಗೂರಿನಿಂದ ಜೆಸಿಬಿ ತರಿಸಿ ಮಾಳದ ನಡುವೆ ಎರಡಾಳು ಆಳದ ಕುಣಿ ತೋಡಿಸಿದೆ. ಊರಿನ ಒಬ್ಬರೂ ಕೈ ಹಚ್ಚಲಿಲ್ಲ. ನನ್ನ ಮೇಲೆ ಕುದಿಯುತ್ತಿದ್ದ ತಮ್ಮನೇ ಬಂದ. “ನಿನ್ನ ಸಲುವಾಗಿ ಅಲ್ಲ, ಈ ನಾತ ತಡಿಯಾಕ ಆಗವಲ್ದು” ಎಂದು ಬೈಯುತ್ತಲೇ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ. ನಾವಿಬ್ಬರು ಜಂಗಮರು, ಸತ್ತ ಕುರಿಗಳ ಕಾಲಿಗೆ ಹಗ್ಗ ಬಿಗಿದು ಮಳೆಯಲ್ಲಿ ಎಳೆದೆವು. ಉಬ್ಬಿದ ಹೊಟ್ಟೆಗಳು ಕಲ್ಲಿಗೆ ತಾಗಿ ಉಸಿರು ಬಿಟ್ಟಂತೆ ಸದ್ದು ಮಾಡುತ್ತಿದ್ದವು. ಜೆಸಿಬಿಯವನು ಎರಡು ಬಾರಿ ಇಳಿದು ವಾಂತಿ ಮಾಡಿಕೊಂಡ. ಸುಣ್ಣ ಸುರಿದಾಗ ಮಳೆಯ ನೀರಿಗೆ ಅದು ಕುದಿಯಿತು. ಬಿಳಿಯ ಹಬೆಯ ಕೆಳಗೆ ಕುರಿಗಳು ಅಲುಗಾಡಿದಂತೆ ಕಂಡವು. ಹಟ್ಟಿಯ ಜನ ದೂರದ ದಿಬ್ಬದ ಮೇಲೆ ನಿಂತು ನೋಡುತ್ತಿದ್ದರು. ಯಾರೋ ಒಬ್ಬರು ಕಲ್ಲು ಬೀರಿದರು. ಅದು ತಮ್ಮನ ಬೆನ್ನಿಗೆ ಬಿತ್ತು. ಅವನು ತಿರುಗಿ ನೋಡದೆ ಮಣ್ಣು ಎಳೆದ. ಮರುದಿನದಿಂದ ನಾವಿಬ್ಬರೇ ಮಾಳದ ಸುತ್ತ ಜಾಲಿಯ ಮುಳ್ಳಿನ ಬೇಲಿ ಕಟ್ಟಿದೆವು.

ಸಿದಗೊಂಡನನ್ನು ಹಟ್ಟಿಯವರು ಆಸ್ಪತ್ರೆಗೆ ಒಯ್ಯಲಿಲ್ಲ. ನಿಲಂಗಾ ಕಡೆಯ ಹಳ್ಳಿಯೊಂದರಲ್ಲಿ ಎಲುಬು ಕಟ್ಟುವ ಮುದುಕನಿದ್ದ. ಅವನು ಬಿದಿರಿನ ಸೀಳು ಇಟ್ಟು, ಸೊಪ್ಪಿನ ಲೇಪ ಮೆತ್ತಿ, ಬೆರಳಿನಿಂದ ಮೊಣಕೈವರೆಗೆ ಬಟ್ಟೆ ಸುತ್ತಿ, ಒಂಬತ್ತು ದಿನ ಬಿಚ್ಚಬಾರದೆಂದು ಆಣೆ ಇಟ್ಟು ಕಳಿಸಿದ. ಐದನೆಯ ದಿನ ಜ್ವರ ಬಂತು. ಎಲುಬಿನ ನೋವಿನ ಜ್ವರವೆಂದುಕೊಂಡರು. ಆರನೆಯ ದಿನ ಭುಜದವರೆಗೆ ಊತ. ಏಳನೆಯ ದಿನ ಉಮರ್ಗಾದ ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದಾಗ, ಬಟ್ಟೆಯ ಅಡಿಯಲ್ಲಿ ಮುಂಗೈಯ ಮೇಲೆ ಇದ್ದಿಲಿನಂಥ ಕಪ್ಪು ಹುಣ್ಣು ಅಂಗೈಯಗಲ ಹರಡಿತ್ತು. ಕುರಿಯ ಕಿವಿ ಕೊಯ್ದ ಕೈ ಅದು. ನಾನು ಮುರಿದ ಕೈಯೂ ಅದೇ. ಸೊಲ್ಲಾಪುರಕ್ಕೆ ಒಯ್ಯುವ ದಾರಿಯಲ್ಲಿ ಪ್ರಾಣ ಹೋಯಿತು.

ಮಣ್ಣು ಮಾಡಿದ ಮೂರನೆಯ ಬೆಳಿಗ್ಗೆ ನಾನು ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜೆಗೆ ಕುಳಿತಿದ್ದೆ. ಮಠದ ತಗಡಿನ ಮೇಲೆ ಮೊದಲ ಕಲ್ಲು ಬಿತ್ತು. ಎರಡನೆಯದು. ಆಮೇಲೆ ಎಣಿಸಲಾಗದಷ್ಟು. ಬಾಗಿಲಿಗೆ ಕೊಡಲಿಯ ಏಟು ಬೀಳತೊಡಗಿತು. “ಹೊರಗ ಬಾರೋ ಅಯ್ಯಾ!” ಎಂಬ ಕೂಗು. ಆ ಊರಿನಲ್ಲಿ ಮನೆಯವರಲ್ಲದವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಎದೆಗೆ ಹಾಕಿಕೊಂಡು ಎದ್ದೆ. ಚನ್ನಬಸಯ್ಯ ಕುಡಗೋಲು ಹಿಡಿದಿದ್ದ. ಅದನ್ನು ಕಸಿದು ಬಾವಿಗೆ ಎಸೆದು ನಾನೇ ಅಗುಳಿ ತೆಗೆದೆ.

ಅಮೋಗಿ ಎದುರಿಗೇ ನಿಂತಿದ್ದ. ಅವನ ಕಣ್ಣು ರಾತ್ರಿಯೆಲ್ಲ ಅತ್ತು ಊದಿದ್ದವು. “ನಮ್ಮ ಕಾಕಾನ ಕೈ ಮುರದಿ, ಜೀವಾ ತಗದಿ. ಇನ್ನ ಕುರಿಗೆ ಫಾಶಿ ಹಾಕಸ್ತೀ, ಹೌದಿಲ್ಲೋ? ಸಹಿ ಮಾಡೀದಿ, ನಾವು ನೋಡೀವಿ!”

ಆಗ, ಆ ಕ್ಷಣದಲ್ಲಿ, ನನಗೆ ಆ ಪದ ಏನು ಮಾಡಿತ್ತೆಂದು ತಿಳಿಯಿತು.

“ಅಮೋಗಿ, ಫಾಶಿ ಅಂದ್ರ ರೋಗದ ಹೆಸರಪ್ಪಾ. ಮರಾಠ್ಯಾಗ ಆ ಬ್ಯಾನಿಗೆ ಹಂಗಂತಾರ.”

“ಬ್ಯಾನಿಗೆ ಯಾರಾರೆ ಫಾಶಿ ಅಂತಾರೇನಲೇ!” ಎಂದು ಹಿಂದಿನಿಂದ ಯಾರೋ ಕೂಗಿದರು. ಒಂದು ಕಲ್ಲು ಬಂದು ಬಾಯಿಗೆ ಬಡಿಯಿತು. ಎರಡು ಹಲ್ಲು ನಾಲಗೆಯ ಮೇಲೆ ಉದುರಿದವು. ನಾನು ಇನ್ನೂ ವಿವರಿಸುತ್ತಲೇ ಇದ್ದೆನಂತೆ, ರಕ್ತ ಉಗುಳುತ್ತ. ತಮ್ಮನ ಹೆಂಡತಿ ಹೇಳಿದ್ದು. ಅಮೋಗಿಯ ಬಡಿಗೆ ಎಡಗಿವಿಯ ಮೇಲೆ ಬಿತ್ತು. ಬಿದ್ದ ಮೇಲೆ ಕಾಲುಗಳು ಮಾತ್ರ ಕಂಡವು. ಒಂದು ಒದೆತಕ್ಕೆ ಪಕ್ಕೆಲುಬು ಮುರಿದದ್ದನ್ನು ನೋವಿಗಿಂತ ಮೊದಲು ಸಪ್ಪಳದಿಂದ ತಿಳಿದೆ. ಸಿದಗೊಂಡನ ಮಣಿಕಟ್ಟಿನ ಸಪ್ಪಳವೇ ಅದು. ಮೇವಿನ ಬಣವೆಗೆ ಬೆಂಕಿ ಹಾಕಿದರು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತುಗಳು ಒದರತೊಡಗಿದವು. ಹೊಗೆಯೊಳಕ್ಕೆ ನುಗ್ಗಿ ಅವುಗಳ ಹಗ್ಗ ಕಡಿದು ಬಿಟ್ಟವನು ಕೂಡ ಅಮೋಗಿಯೇ ಎಂಬುದನ್ನು ನಾನು ನೆಲದ ಮೇಲಿನಿಂದ ಕಂಡೆ.

ಉಮರ್ಗಾದ ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿದರು. ಎಡಗಿವಿ ಹೋಯಿತು. ಪೊಲೀಸರು ಹಟ್ಟಿಯ ಏಳು ಜನರನ್ನು ಹಿಡಿದು ತಂದಿದ್ದರು, ಅವರಲ್ಲಿ ಅಮೋಗಿಯೂ ಒಬ್ಬ. ನಾಲ್ಕು ದಿನ ಬಿಟ್ಟು ಬಂದು ಹೇಳಿಕೆ ಬರೆದುಕೊಳ್ಳುತ್ತೇವೆ ಎಂದು ಹವಾಲ್ದಾರರು ಹೇಳಿ ಹೋದರು. ಆ ದಿನಕ್ಕಿಂತ ಒಂದು ದಿನ ಮೊದಲು ಮಾಳಪ್ಪ ಬಂದ. ಕಂಬಳಿ ಹೊದ್ದಿದ್ದ. ಸ್ಟೂಲು ಇದ್ದರೂ ಕೂಡಲಿಲ್ಲ.

“ತಮ್ಮ ಮಣ್ಣಾಗ ಹೋದ. ಮಗ ಒಳಗ ಹೋದ,” ಎಂದ. “ಅಮೋಗಿ ಹೆಸರು ಹೇಳಬ್ಯಾಡ್ರಿ ಅಯ್ಯಾರ.”

ಕ್ಷಮೆಗೆ ಷರತ್ತು ಇರಬಾರದು. ಐವತ್ತು ವರ್ಷ ಈ ಮಾತನ್ನು ನಾನೇ ಕಟ್ಟೆಯ ಮೇಲೆ ಕುಳಿತು ಹೇಳಿದ್ದೇನೆ. ಹಾಸಿಗೆಯ ಮೇಲೆ ಮಲಗಿ ಮೂರು ದಿನ ನಾನು ಯೋಚಿಸಿದ್ದು ಕ್ಷಮೆಯನ್ನಲ್ಲ, ಮಾಳವನ್ನು. ನಾನು ಸಾಯುತ್ತೇನೆ, ಬೇಲಿಯ ಮುಳ್ಳು ಗೆದ್ದಲು ತಿನ್ನುತ್ತದೆ, ಒಂದು ಮಿರಗದಲ್ಲಿ ಹುಲ್ಲು ಮತ್ತೆ ಚಿಗುರುತ್ತದೆ, ಯಾರದೋ ಕೈ ಮತ್ತೊಂದು ಕುರಿಯ ಕಿವಿ ಕೊಯ್ಯುತ್ತದೆ. ಆ ಜನ ಕಾಯಿದೆಗೆ ಅಂಜುವುದಿಲ್ಲ, ನನ್ನ ಮಾತಿಗೆ ಇನ್ನು ಅಂಜುವುದಿಲ್ಲ. ಅವರು ಅಂಜುವುದು ಒಂದಕ್ಕೇ. ಬೀರಪ್ಪನ ಭಂಡಾರವನ್ನು ಅಂಗೈಯಲ್ಲಿ ಎತ್ತಿ ಆಡಿದ ಮಾತು ತಪ್ಪಿದರೆ ವಂಶ ಉಳಿಯದು ಎಂಬುದು ಹಟ್ಟಿಯ ನಂಬಿಕೆ. ತಪ್ಪಿದವರನ್ನು ನಾನು ಕಂಡಿಲ್ಲ.

“ಹೇಳಂಗಿಲ್ಲ,” ಎಂದೆ. “ಮಾಳಕ್ಕ ಕುರಿ ಹೋಗಂಗಿಲ್ಲಂತ ಭಂಡಾರ ಎತ್ತು.”

ಅವನು ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡ.

“ಇದು ಮಾಫಿನೋ, ಯಾಪಾರನೋ?”

“ಯಾಪಾರ.”

“ನನ್ನೊಬ್ಬನ ಹೆಸರಲೆ ಸಾಕೇನು?”

“ಮಗಂದು. ಮೊಮ್ಮಕ್ಕಳದು. ಹಟ್ಟಿ ಇರೋತನಕ.”

“ಡಾಕ್ಟರು ನನಗ ಎರಡು ಮಾತ ಅಂದಾರ,” ಎಂದ ಮಾಳಪ್ಪ ನಿಧಾನವಾಗಿ. “ನಿಮ್ಮ ಪೆಟ್ಟಿಲೆ ತಮ್ಮ ಸತ್ತಿಲ್ಲ, ಬ್ಯಾನಿಲೆ ಸತ್ತಾನ ಅಂದ್ರು. ಕೈಗೆ ಕಟ್ಟ ಇಲ್ಲದಿದ್ರ ಹುಣ್ಣ ಮೊದಲೇ ಕಾಣತಿತ್ತು, ಸೂಜಿಲೆ ಉಳೀತಿದ್ದ ಅಂತನೂ ಅಂದ್ರು. ನಾ ಯಾವದು ಹಿಡಕೊಳ್ಲಿ, ನೀವ ಹೇಳ್ರಿ.”

“ಎರಡೂ ಖರೆ ಅದಾವ ಮಾಳಪ್ಪಾ.”

ಅವನು ಸೊಂಟದ ಚೀಲ ಬಿಚ್ಚಿದ. ಒಂದು ಹಿಡಿ ಭಂಡಾರ ಅಂಗೈಗೆ ಸುರಿದು ಹಣೆಯ ಮಟ್ಟಕ್ಕೆ ಎತ್ತಿ, ಬೀರಪ್ಪನ ಹೆಸರು ಹೇಳಿ, ನಾನು ಕೇಳಿದ ಮಾತುಗಳನ್ನು ಒಂದೂ ಬಿಡದೆ ಹೇಳಿದ. ಬೆರಳ ಸಂದಿಯಿಂದ ಅರಿಸಿನ ನನ್ನ ಬಿಳಿ ಹಾಸಿಗೆಯ ಮೇಲೆ ಉದುರಿತು. ಹೊರಡುವಾಗ ಬಾಗಿಲ ಹತ್ತಿರ ನಿಂತು, “ಇನ್ನ ಸೋಮವಾರ ನಾ ಬರಂಗಿಲ್ರಿ” ಎಂದ. ಬರಲಿಲ್ಲ. ಇಂದಿನವರೆಗೂ ಬಂದಿಲ್ಲ.

ಹವಾಲ್ದಾರರಿಗೆ, ನೂಕುನುಗ್ಗಲಿನಲ್ಲಿ ಹೊಡೆದವರು ಯಾರೆಂದು ಕಾಣಲಿಲ್ಲ ಎಂದು ಬರೆಸಿದೆ. ತಿಳಿದು ತಿಳಿದು ನಾನು ಹೇಳಿದ ಸುಳ್ಳು ಅದು. ಬಾಯಿಯಲ್ಲಿ ಹಲ್ಲಿಲ್ಲದ ಜಾಗದಿಂದ ಅದು ಸಲೀಸಾಗಿಯೇ ಹೊರಗೆ ಬಂತು.

ಶ್ರಾವಣದಲ್ಲಿ ವೈದ್ಯೆ ಲಸಿಕೆ ಹಿಡಿದು ಎರಡನೆಯ ಬಾರಿ ಬಂದಳು. ಈ ಸಲ ಸುಗಲಾಬಾಯಿಯೇ ಒಂದೊಂದು ಕುರಿಯನ್ನೂ ತೊಡೆಯ ನಡುವೆ ಹಿಡಿದು ಸೂಜಿಗೆ ಒಡ್ಡಿದಳು. ಹೆಸರಿನ ಹೊಲವನ್ನು ಕುರಿಗಳು ಮೂರು ದಿನದಲ್ಲಿ ಬೋಳು ಮಾಡಿದವು. ಚನ್ನಬಸಯ್ಯ ಬದುವಿನ ಮೇಲೆ ನಿಂತು ಮೂರೂ ದಿನ ನೋಡಿ, ನಾಲ್ಕನೆಯ ದಿನ ಬೇರೆಯಾಗುತ್ತೇನೆ ಎಂದ. ಈಗ ನಿಲಂಗಾದಲ್ಲಿ ಮನೆ ಮಾಡಿಕೊಂಡಿದ್ದಾನೆ. ಹಬ್ಬಕ್ಕೆ ಮಕ್ಕಳನ್ನು ಕಳಿಸುತ್ತಾನೆ, ತಾನು ಬರುವುದಿಲ್ಲ. ಹಟ್ಟಿಯಲ್ಲಿ ಆಮೇಲೆ ಆ ರೋಗ ಕಾಣಲಿಲ್ಲ. ಅದಕ್ಕೆ ಯಾರೂ ನನ್ನನ್ನು ಹೊಗಳಿಲ್ಲ, ಹೊಗಳಬೇಕಾಗಿಯೂ ಇಲ್ಲ. ಬಂದ ಸಾವಿಗೆ ಎಲ್ಲರೂ ಅಳುತ್ತಾರೆ. ಬಾರದೆ ಉಳಿದ ಸಾವಿನ ಮುಖವನ್ನು ಯಾರು ಕಂಡಿದ್ದಾರೆ?

ಗಣಪತಿ ಹಬ್ಬ ಮುಗಿದ ಮೇಲೆ ಅಮೋಗಿ ಜಾಮೀನಿನ ಮೇಲೆ ಹೊರಗೆ ಬಂದ. ಒಂದು ಮುಂಜಾನೆ ಮಾಳದ ಬದಿಯ ದಾರಿಯಲ್ಲಿ ನಾನು ಕೋಲೂರಿಕೊಂಡು ಹೋಗುತ್ತಿದ್ದೆ. ಬೆತ್ತವನ್ನು ಮಠದ ಒಳಗೆ ಇಟ್ಟುಬಿಟ್ಟಿದ್ದೆ. ಎದುರಿನಿಂದ ಅವನ ಮಂದೆ ಬಂತು. ಮಾಳ ಮುಚ್ಚಿದ ಮೇಲೆ ಕುರಿಗಳು ಬೇಲಿಯನ್ನು ಬಳಸಿ ಹಳ್ಳದ ಆಚೆಯವರೆಗೆ ನಡೆಯಬೇಕಾಗಿತ್ತು. ನಾನು ಬದಿಗೆ ಸರಿದು ನಿಂತೆ. ಅವನ ಬಡಿಗೆ ಹೆಗಲ ಮೇಲಿತ್ತು. ನಾನು ಕೋಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಅವನು ಎಡಬದಿಗೆ ನಿಂತು ಏನೋ ಅಂದ. ಕೇಳಿಸಲಿಲ್ಲ.

“ಆ ಕಡೆ ಕಿವಿ ಹೋಗ್ಯದ,” ಎಂದೆ.

ಅವನು ಕುರಿಗಳನ್ನು ಸರಿಸುತ್ತ ನನ್ನನ್ನು ಬಳಸಿ ಬಲಗಡೆಗೆ ಬಂದ. “ಮಂದಿ ಅನ್ಲತ್ತಾರ, ಅಯ್ಯಾ ಸತ್ತ ಮರುದಿನಾ ಬೇಲಿ ಕಿತ್ತಿ ಕುರಿ ಬಿಡಮು ಅಂತ.”

“ನೀ ಏನಂತಿ?”

“ನಾ ಏನ್ ಅನ್ಲಿ? ಅಪ್ಪ ಭಂಡಾರ ಎತ್ಯಾನ. ನೀವು ಸತ್ರೂ ಅದು ಸಾಯಂಗಿಲ್ಲ.” ಬಡಿಗೆಯನ್ನು ಹೆಗಲಿನಿಂದ ಇಳಿಸಿ ನೆಲಕ್ಕೂರಿ, “ಅದಕ್ಕೇ ಎತ್ತಿಸಿದ್ರೇನು?”

“ಅದಕ್ಕೇ.”

“ಭಾಳ ಕೆಟ್ಟ ಮನಷ್ಯಾ ಇದ್ದೀರಿ ಅಯ್ಯಾರ ನೀವು,” ಎಂದ.

ಅಷ್ಟರಲ್ಲಿ ಒಂದು ಮರಿ ಮುಳ್ಳಿನ ಸಂದಿಯಲ್ಲಿ ತಲೆ ತೂರಿಸಿತ್ತು. ಬೇಲಿಯ ಆಚೆ ಮೇಯುವವರಿಲ್ಲದ ಹುಲ್ಲು ಮೊಣಕಾಲೆತ್ತರ ಬೆಳೆದು ತೂಗುತ್ತಿತ್ತು. ಅಮೋಗಿ ನೋಡಿದ. ಹಿಂಗಾಲು ಹಿಡಿದು ಮರಿಯನ್ನು ಎಳೆದು ದಾರಿಗೆ ಬಿಸಾಡಿದ. ಅದು ಅರಚಿ ತಾಯಿಯ ಹಿಂದೆ ಓಡಿತು. ಆಮೇಲೆ ಅವನು ಬಿದ್ದಿದ್ದ ಜಾಲಿಯ ಟೊಂಗೆಯೊಂದನ್ನು ಬರಿಗೈಯಿಂದಲೇ ಎತ್ತಿ ಆ ಸಂದಿಗೆ ತುರುಕಿ, ಕಾಲಿನಿಂದ ಗಟ್ಟಿಯಾಗಿ ಒತ್ತಿ ಒತ್ತಿ ಕೂಡಿಸಿದ. ಅಂಗೈಯಲ್ಲಿ ರಕ್ತ ಒಸರಿತು. ಧೋತರಕ್ಕೆ ಅದನ್ನು ಒರೆಸಿಕೊಂಡು, ನನ್ನ ಕಡೆಗೆ ತಿರುಗಿ ನೋಡದೆ, ಹಳ್ಳದ ದಾರಿ ಹಿಡಿದ.